ಗೇಟ್‌ವೇ ಎಲ್ಲಿಗೂ ಓಡಿಹೋಗುವುದಿಲ್ಲ

ಹೊರನಾಡಿಗೆ ಓದಲು ಹೋದವರು ಅಲ್ಲಿನ ಊರನ್ನು ಎಷ್ಟು ಅರಿತಿದ್ದಾರೆ ಎಂಬುದಕ್ಕೆ ಯಾವ ವಿಶ್ವವಿದ್ಯಾಲಯವೂ ಪರೀಕ್ಷೆ ಇಡುವುದಿಲ್ಲ. ಆ ಪರೀಕ್ಷೆ ನಡೆಯುವುದು ಊರಿನಿಂದ ಗೆಳೆಯನೊಬ್ಬ ಎರಡು ದಿನದ ಮಟ್ಟಿಗೆ ಬಂದಿಳಿದಾಗ. ನವಿ ಮುಂಬಯಿಯ ಸೀವುಡ್ಸಿನಲ್ಲಿ ಪಿಜಿ ಹಿಡಿದು ನೆರೂಲ್, ಬೇಲಾಪುರ, ಖಾರ್ಘರ್‌ಗಳ ಕಾಲೇಜುಗಳಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಇದರಲ್ಲಿ ಫೇಲಾಗುತ್ತಾರೆ. ಫೇಲಾದದ್ದು ಅವರಿಗೆ ತಿಳಿಯುವುದೂ ಇಲ್ಲ. ಬಂದ ಗೆಳೆಯ ಖುಷಿಯಾಗಿಯೇ ಹಿಂದಿರುಗಿರುತ್ತಾನೆ.

ನಡೆಯುವುದು ಇಷ್ಟು. ಕಾರವಾರದಲ್ಲಿ ಮತ್ಸ್ಯಗಂಧ ಹತ್ತಿದ ಗೆಳೆಯ ಬೆಳಗಿನ ಜಾವ ಪನ್ವೇಲಿನಲ್ಲಿ ಇಳಿಯುತ್ತಾನೆ. ಹಾರ್ಬರ್ ಲೈನಿನ ಲೋಕಲ್ ಹಿಡಿದು ಸೀವುಡ್ಸಿಗೆ ಬಂದು, ಬ್ಯಾಗು ಇಳಿಸಿ, ಸ್ನಾನ ಮುಗಿಸಿ, ವಡಾಪಾವ್ ತಿನ್ನುತ್ತಲೇ ಕೇಳುತ್ತಾನೆ: “ಏ ಮಾರಾಯಾ, ಮುಂಬಯಿ ಎಲ್ಲಿದ್ಯೋ?” ಇವನು ಆ ಪ್ರಶ್ನೆಗೇ ಕಾದಿದ್ದವನಂತೆ ಅವನನ್ನು ಮತ್ತೆ ಲೋಕಲ್ಲಿಗೆ ಹತ್ತಿಸಿ, ಒಂದು ಗಂಟೆಗೂ ಮೀರಿ ನಿಲ್ಲಿಸಿಕೊಂಡು ಹೋಗಿ ಸಿಎಸ್‌ಎಂಟಿಯಲ್ಲಿ ಇಳಿಸುತ್ತಾನೆ. ಗೇಟ್‌ವೇ, ತಾಜ್ ಹೋಟೆಲಿನ ಎದುರು ಫೋಟೋ, ಕೊಲಾಬಾದ ಬೀದಿ ಅಂಗಡಿ, ಸಂಜೆಗೆ ಮರೀನ್ ಡ್ರೈವ್. ಮರಳಿ ಬಂದರೆ ಸೀವುಡ್ಸ್ ನಿಲ್ದಾಣದ ತಲೆಯ ಮೇಲೆಯೇ ಇರುವ ಮಾಲ್‌ನಲ್ಲಿ ಊಟ. ಅಲ್ಲಿಗೆ ಮುಗಿಯಿತು. ಗೆಳೆಯನ ಪಾಲಿಗೆ ಸೀವುಡ್ಸ್ ಎಂಬುದು ಬ್ಯಾಗು ಇಟ್ಟ ಜಾಗ. ಇವನ ಪಾಲಿಗೂ ಅದು ಅಷ್ಟೇ ಎಂಬುದು ಹೆಚ್ಚಿನ ದುಃಖ.

“ನವಿ ಮುಂಬಯಿಯಲ್ಲಿ ನೋಡೋದಕ್ಕೆ ಏನಿದೆ?” ಎಂಬ ಮಾತು ಇಲ್ಲಿನ ಪಿಜಿಗಳಲ್ಲಿ ಗಾದೆಯಷ್ಟು ಸಲೀಸು. ಮೂರು ವರ್ಷ, ನಾಲ್ಕು ವರ್ಷ ಒಂದು ಊರಿನ ನೀರು ಕುಡಿದು ಆಡುವ ಈ ಮಾತನ್ನು ತಮಾಷೆ ಎಂದು ಬಿಟ್ಟುಬಿಡಲಾಗದು. ಕನ್ನಡದಲ್ಲಿ ‘ತೋರಿಸು’ ಎಂಬುದು ‘ತೋರು’ ಎಂಬ ಧಾತುವಿನ ಪ್ರೇರಣಾರ್ಥಕ ರೂಪ. ತೋರುವುದು ಎಂದರೆ ಕಾಣಿಸಿಕೊಳ್ಳುವುದು. ತನ್ನ ಕಣ್ಣಿಗೆ ತೋರದ್ದನ್ನು ಇನ್ನೊಬ್ಬನಿಗೆ ತೋರಿಸುವುದು ಯಾರಿಂದಲೂ ಆಗದು. ಹಾಗಾಗಿ ಗೆಳೆಯನನ್ನು ಎಲ್ಲಿಗೆ ಕರೆದೊಯ್ಯುತ್ತಾನೆ ಎಂಬುದರಿಂದ ಅತಿಥಿಯ ರುಚಿ ತಿಳಿಯುವುದಕ್ಕಿಂತ ಕರೆದೊಯ್ಯುವವನ ಕಣ್ಣು ಎಲ್ಲಿದೆ ಎಂಬುದು ತಿಳಿಯುತ್ತದೆ.

ಇಲ್ಲಿ ‘ಊರು’ ಎಂಬ ಮಾತನ್ನೂ ನೋಡಬೇಕು. ಮುಂಬಯಿ ಕನ್ನಡಿಗರ ಬಾಯಲ್ಲಿ ಊರು ಎಂದರೆ ಕಾರ್ಕಳ, ಕುಂದಾಪುರ, ಅಂಕೋಲಾ. ನಲವತ್ತು ವರ್ಷ ಇಲ್ಲಿ ಬಾಳಿದವರೂ ಮೇ ತಿಂಗಳಲ್ಲಿ ‘ಊರಿಗೆ’ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹಿರಿಯ ತಲೆಮಾರು ಊರನ್ನು ಅಲ್ಲಿಟ್ಟುಕೊಂಡೇ ಈ ನಗರವನ್ನೂ ತಿಳಿದಿತ್ತು. ಫೋರ್ಟಿನ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಪಾಠ ಕೇಳಿದ ಹುಡುಗರಿಗೆ ಯಾವ ಗಲ್ಲಿ ಎಲ್ಲಿಗೆ ಹೋಗುತ್ತದೆ, ಯಾವ ಗಿರಣಿಯ ಪಾಳಿ ಯಾವಾಗ ಬಿಡುತ್ತದೆ ಎಂಬುದು ಗೊತ್ತಿತ್ತು. ಮರಾಠಿ ಅವರಿಗೆ ಅನ್ನದ ಭಾಷೆಯಾಗಿತ್ತು. ಇಂದು ಓದಲು ಬಂದವರು ಹಿರಿಯರಿಂದ ‘ಊರು ಅಲ್ಲಿದೆ’ ಎಂಬ ಮಾತನ್ನಷ್ಟೇ ಪಡೆದಿದ್ದಾರೆ, ನಗರದ ತಿಳಿವನ್ನು ಪಡೆದಿಲ್ಲ. ನಾಲ್ಕು ವರ್ಷದಲ್ಲಿ ‘ಕಿತೀ ಝಾಲೇ’ಯ ಆಚೆಗೆ ಅವರ ಮರಾಠಿ ದಾಟುವುದಿಲ್ಲ.

ಹಾಗಾದರೆ ಸೀವುಡ್ಸಿನಲ್ಲಿ ಇರುವುದೇನು? ಮೊದಲಿಗೆ, ನಿಲ್ದಾಣದ ಬೋರ್ಡೇ ಇದೆ. ಅದರ ಮೇಲಿರುವ ಹೆಸರು ‘ಸೀವುಡ್ಸ್–ದಾರಾವೆ’. ಮೊದಲರ್ಧ ಬಡಾವಣೆಯ ಹೆಸರು, ಎರಡನೆಯ ಅರ್ಧ ಹಳ್ಳಿಯ ಹೆಸರು. ಆಟೋದವನಿಗೆ ಹೇಳುವಾಗ, ಫ್ಲಾಟಿನ ಜಾಹೀರಾತಿನಲ್ಲಿ, ಪಿಜಿಯ ವಿಳಾಸದಲ್ಲಿ ಉಳಿದಿರುವುದು ಮೊದಲರ್ಧ ಮಾತ್ರ. ಆ ಎರಡನೆಯ ಅರ್ಧ ಎಲ್ಲಿ ಹೋಯಿತು ಎಂದು ಗೆಳೆಯನೊಡನೆ ಹುಡುಕಿಕೊಂಡು ಹೊರಟರೂ ಸಾಕು, ದಿನ ತುಂಬುತ್ತದೆ.

1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಹಾಗೂ ಎಂಜಿನಿಯರ್ ಶಿರೀಷ್ ಪಟೇಲ್ ‘ಮಾರ್ಗ್’ ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು. ದ್ವೀಪದ ಮೇಲೆ ಉಸಿರುಕಟ್ಟುತ್ತಿದ್ದ ಮುಂಬಯಿಯ ಭಾರವನ್ನು ಕೊಲ್ಲಿಯ ಆಚೆ ದಡಕ್ಕೆ ಹಂಚಬೇಕು ಎಂಬುದು ಅದರ ತಿರುಳು. 1970ರ ಮಾರ್ಚಿನಲ್ಲಿ ಆ ಕೆಲಸಕ್ಕಾಗಿ ಸಿಡ್ಕೋ ಹುಟ್ಟಿತು. ನಕ್ಷೆಯಲ್ಲಿ ಖಾಲಿಯಾಗಿ ಕಂಡ ಆ 344 ಚದರ ಕಿಲೋಮೀಟರಿನಲ್ಲಿ 95 ಹಳ್ಳಿಗಳಿದ್ದವು. ಗದ್ದೆ, ಉಪ್ಪಿನಾಗರ, ಮೀನುಗಾರಿಕೆಯಿಂದ ಬದುಕುತ್ತಿದ್ದ ಆಗ್ರಿ ಮತ್ತು ಕೋಳಿ ಜನರಿದ್ದರು. ದಾರಾವೆ ಅಂಥದೊಂದು ಹಳ್ಳಿ, ಪಕ್ಕದ ಕರಾವೆ ಇನ್ನೊಂದು. ಇಂದು ಅವು ಸೆಕ್ಟರುಗಳ ನಡುವೆ ಸಿಕ್ಕಿಕೊಂಡಿವೆ. ಅಗಲ ರಸ್ತೆ ಇದ್ದಕ್ಕಿದ್ದಂತೆ ಕಿರಿದಾಗಿ, ಮನೆಗೆ ಮನೆ ಒರಗಿ, ಒಣಮೀನಿನ ವಾಸನೆ ಬಂದರೆ ಹಳ್ಳಿಗೆ ಕಾಲಿಟ್ಟಿರಿ ಎಂದು ಅರ್ಥ. ಪಿಜಿಯಿಂದ ಹತ್ತು ನಿಮಿಷದ ನಡಿಗೆ. ಹೆಚ್ಚಿನ ವಿದ್ಯಾರ್ಥಿಗಳು ಅಲ್ಲಿಗೆ ಒಮ್ಮೆಯೂ ಹೋಗಿರುವುದಿಲ್ಲ.

ಭೂಮಿ ಸುಮ್ಮನೆ ಸಿಕ್ಕಿದ್ದಲ್ಲ. ಸೀವುಡ್ಸ್ ಆಚೆಗಿನ ಉರಣ್ ತಾಲೂಕಿನ ಜಾಸಯಿ ಸುತ್ತಮುತ್ತ 1984ರ ಜನವರಿಯಲ್ಲಿ, ಸಾಲದ ಪರಿಹಾರದ ವಿರುದ್ಧ ಎದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಹೋರಾಟ ಮುನ್ನಡೆಸಿದವರು ಶೇತಕರಿ ಕಾಮಗಾರ್ ಪಕ್ಷದ ದಿ. ಬಾ. ಪಾಟೀಲರು. ಕಳೆದುಕೊಂಡ ಭೂಮಿಗೆ ಬದಲಾಗಿ ಅಭಿವೃದ್ಧಿಪಡಿಸಿದ ನೆಲದಲ್ಲಿ ಶೇ. 12.5 ಪಾಲು ಕೊಡುವ ಯೋಜನೆ ಬಂದದ್ದು ಆ ಹೋರಾಟದಿಂದ. ನವಿ ಮುಂಬಯಿಯ ವಿಮಾನ ನಿಲ್ದಾಣಕ್ಕೆ ಅವರ ಹೆಸರೇ ಬೇಕೆಂದು 2021ರ ಜೂನಿನಲ್ಲಿ ಬೇಲಾಪುರದ ಸಿಡ್ಕೋ ಭವನದ ಬಳಿ ಸಾವಿರಾರು ಜನ ಸೇರಿದರು. ಅದು ಹೆಸರಿಗಾಗಿ ನಡೆದ ಬರಿಯ ಜಗಳ ಎಂದು ಅಂದು ಪಿಜಿಗಳಲ್ಲಿ ಕೂತು ಟ್ರಾಫಿಕ್ ಬಯ್ದವರಿಗೆ, 1984 ಎಂಬ ಇಸವಿ ಇಲ್ಲಿ ಯಾವುದಕ್ಕೆ ನೆನಪಾಗುತ್ತದೆ ಎಂಬುದು ತಿಳಿದಿರಲಿಲ್ಲ.

ಈ ಕಥೆಯನ್ನು ಕಾರವಾರದ ಗೆಳೆಯನಿಗೆ ಹೇಳಿದರೆ ಅವನಿಗೆ ಬೇಸರ ಬಂದೀತೇ? ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕರಾವಳಿಯ ಹಳ್ಳಿಗಳು ಎದ್ದುಹೋದದ್ದನ್ನು, ಪರಿಹಾರಕ್ಕಾಗಿ ಜನ ದಶಕಗಟ್ಟಲೆ ಕೋರ್ಟು ಅಲೆದದ್ದನ್ನು ಕೇಳಿಕೊಂಡೇ ಬೆಳೆದವನು ಅವನು. ಅವನ ಮನೆಯಲ್ಲೇ ಅಂಥವರು ಇದ್ದಾರು. ಗೇಟ್‌ವೇ ಎದುರು ಅವನು ಪ್ರವಾಸಿ. ದಾರಾವೆಯ ಗಲ್ಲಿಯಲ್ಲಿ ಅವನು ಬಲ್ಲವನು, ಕೇಳಲು ಅವನ ಬಳಿ ಪ್ರಶ್ನೆಗಳಿವೆ.

ಮಾತಿಗೂ ಇದು ಅನ್ವಯಿಸುತ್ತದೆ. ಪಾಮ್ ಬೀಚ್ ರಸ್ತೆಯ ಅತ್ತ ಕಡೆ, ಎನ್‌ಆರ್‌ಐ ಕಾಂಪ್ಲೆಕ್ಸಿನ ಹಿಂದೆ, ಕೆಸರಿನಲ್ಲಿ ಬೇರೂರಿ ನಿಂತಿರುವ ಮರಗಳಿಗೆ ಇಂಗ್ಲಿಷ್ ಮಾಧ್ಯಮದ ಹುಡುಗರು ‘ಮ್ಯಾಂಗ್ರೋವ್’ ಎನ್ನುತ್ತಾರೆ. ಮರಾಠಿಯಲ್ಲಿ ಅದು ‘ಕಾಂದಳವನ’. ಉತ್ತರ ಕನ್ನಡದವನಿಗೆ ಅದು ‘ಕಾಂಡ್ಲಾ’. ಕಡಲು ಏರುವುದು ಇಲ್ಲಿ ‘ಭರತಿ’, ಅಲ್ಲಿ ‘ಭರತ’. ಕೊಂಕಣ ತೀರದುದ್ದಕ್ಕೂ ಹರಡಿದ ಈ ಮಾತುಗಳ ನೆಂಟಸ್ತಿಕೆಯನ್ನು ಯಾವ ತರಗತಿಯೂ ಹೇಳಿಕೊಡದು. ಬೇಲಾಪುರದ ದಿವಾಳೆ ಕೋಳಿವಾಡದಲ್ಲಿ ಮೀನು ಮಾರುವ ಹೆಂಗಸಿನ ಮುಂದೆ ನಿಂತರೆ ಅರ್ಧ ಗಂಟೆಯಲ್ಲಿ ಕಿವಿಗೆ ಬೀಳುತ್ತದೆ.

ಅದೇ ಕಾಂಡ್ಲಾದ ಮಗ್ಗುಲಲ್ಲಿ ಒಂದು ಕೆರೆಯಿದೆ. ಪಕ್ಕದ ಶಾಲೆಯಿಂದಾಗಿ ಅದಕ್ಕೆ ಡಿಪಿಎಸ್ ಕೆರೆ ಎಂದೇ ಹೆಸರು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಫ್ಲೆಮಿಂಗೋಗಳು ಥಾಣೆ ಕ್ರೀಕಿನ ಕೆಸರಿನಲ್ಲಿ ಮೇಯುತ್ತವೆ. ಭರತ ಬಂದು ಆ ಕೆಸರು ಮುಳುಗಿದಾಗ ಇಂಥ ಕೆರೆಗಳಿಗೆ ಹಾರಿ ಬಂದು ದಣಿವಾರಿಸಿಕೊಳ್ಳುತ್ತವೆ. ಕ್ರೀಕಿನ ಒಂದು ಭಾಗ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿತು. ಕೆರೆಗಳು ಮಾತ್ರ ಆ ಗಡಿಯ ಹೊರಗೇ ಉಳಿದವು. 2024ರಲ್ಲಿ ಭರತದ ನೀರು ಒಳಬರುವ ದಾರಿ ಮುಚ್ಚಿ ಡಿಪಿಎಸ್ ಕೆರೆ ಒಣಗಿತು, ಹಕ್ಕಿಗಳು ಸತ್ತವು. ರಸ್ತೆಬದಿಯಲ್ಲಿ ಫ್ಲೆಮಿಂಗೋ ಪ್ರತಿಮೆಗಳನ್ನು ನಿಲ್ಲಿಸಿಕೊಂಡು ‘ಫ್ಲೆಮಿಂಗೋ ಸಿಟಿ’ ಎಂದು ಮೆರೆಯುವ ನಗರದಲ್ಲಿ ನಡೆದದ್ದು ಇದು. ಪ್ರತಿಮೆಗೆ ನೀರು ಬೇಕಿಲ್ಲವಲ್ಲ. ನೀರಿನ ದಾರಿ ತೆರೆಸಲು ಬೀದಿಗಿಳಿದವರು, ಅರ್ಜಿ ಬರೆದವರು, ಬೆಳಿಗ್ಗೆ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಸರಪಳಿಯಾಗಿ ನಿಂತವರು ಸುತ್ತಲಿನ ನಿವಾಸಿಗಳು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಕೆರೆಯನ್ನು ಸಂರಕ್ಷಿಸಲು ಒಪ್ಪಿದ್ದು ಅವರ ಹಟದಿಂದ.

ವಾದದ ಗಂಟು ಇರುವುದು ಇಲ್ಲಿಯೇ. ಅಲ್ಲಿ ನಿಂತವರೆಲ್ಲ ಆ ಕೆರೆಯನ್ನು ನೋಡಿದ್ದವರು, ಯಾರಿಗಾದರೂ ತೋರಿಸಿದ್ದವರು. ‘ಇಲ್ಲಿ ನೋಡೋದಕ್ಕೆ ಏನಿದೆ’ ಎನ್ನುವವನು ಕೆರೆ ಮುಚ್ಚಲು ಹೊರಟವನಿಗೆ ಪುಕ್ಕಟೆ ಸಾಕ್ಷಿ ನುಡಿಯುತ್ತಿದ್ದಾನೆ. ಏನೂ ಇಲ್ಲದ ಜಾಗದಲ್ಲಿ ಏನನ್ನು ಬೇಕಾದರೂ ಕಟ್ಟಬಹುದು. 1970ರಲ್ಲಿ ನಕ್ಷೆ ಬರೆದವರ ಕಣ್ಣಿಗೂ ಹೀಗೆಯೇ ಏನೂ ಇರಲಿಲ್ಲ.

ಇದಕ್ಕೆ ಬರುವ ಮೊದಲ ತಕರಾರು ನ್ಯಾಯವಾದದ್ದೇ. ಒಂದೇ ದಿನಕ್ಕೆಂದು ಅಷ್ಟು ದೂರದಿಂದ ಬಂದವನಿಗೆ ಗೇಟ್‌ವೇ ನೋಡುವ ಆಸೆ ಇರುವುದಿಲ್ಲವೇ? ಇರುತ್ತದೆ, ತೋರಿಸಬೇಕು. ಆದರೆ ಅದರ ಕಥೆಯನ್ನೂ ಹೇಳಿಯೇ ತೋರಿಸಲಿ. 1911ರಲ್ಲಿ ಬಂದ ಐದನೇ ಜಾರ್ಜ್ ದೊರೆಯ ನೆನಪಿಗೆಂದು ಕಟ್ಟಿದ ಆ ಕಮಾನು ಮುಗಿದದ್ದು 1924ರಲ್ಲಿ. ಅತಿಥಿಗೆ ಊರಿನ ಚಂದದ ಮುಖವನ್ನಷ್ಟೇ ಎತ್ತಿ ತೋರಿಸುವ ಚಟಕ್ಕೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಕೇ? ಒಂದು ಶತಮಾನ ನಿಂತ ಕಲ್ಲು ಮುಂದಿನ ವರ್ಷವೂ ನಿಂತಿರುತ್ತದೆ. ಕೆರೆಯ ಬಗ್ಗೆ ಆ ಭರವಸೆ ಕೊಡಲು ಬಾರದು. ಎರಡು ದಿನವಿದ್ದರೆ ಒಂದು ದಿನ ಅಲ್ಲಿಗೆ, ಒಂದು ದಿನ ಇಲ್ಲಿಗೆ. ಒಂದೇ ದಿನವಿದ್ದರೆ ಬೆಳಗಿನ ಮೂರು ಗಂಟೆಯಾದರೂ ಇಲ್ಲಿಗೆ.

ಎರಡನೆಯ ತಕರಾರು ಇನ್ನೂ ಸೂಕ್ಷ್ಮವಾದದ್ದು. ಹಳ್ಳಿಯವರ ಗಲ್ಲಿಗೆ ಗೆಳೆಯರನ್ನು ಕಟ್ಟಿಕೊಂಡು ಹೋಗಿ ‘ನೋಡು’ ಎನ್ನುವುದು ಜನರನ್ನು ಪ್ರದರ್ಶನಕ್ಕಿಟ್ಟ ಹಾಗಲ್ಲವೇ? ಮೊಬೈಲು ಎತ್ತಿ ಹಿಡಿದು ಹೋದರೆ ಖಂಡಿತ ಹಾಗೆಯೇ. ಮೀನು ಕೊಳ್ಳಲು, ದೇವಿಯ ಗುಡಿಗೆ ಕೈಮುಗಿಯಲು, ಚಹಾ ಕುಡಿಯಲು ಮೊದಲೇ ನಾಲ್ಕಾರು ಬಾರಿ ಹೋದವನಿಗೆ ಈ ತೊಡಕಿಲ್ಲ. ಅವನ ಗೆಳೆಯನನ್ನು ಅಲ್ಲಿಯವರೇ ಮಾತಾಡಿಸುತ್ತಾರೆ. ಗೆಳೆಯ ಬರುವ ದಿನಕ್ಕೆ ಮೊದಲೇ ಊರಿನ ಬಳಕೆ ಇರಬೇಕು ಎಂಬುದನ್ನು ಈ ತಕರಾರು ಇನ್ನಷ್ಟು ಗಟ್ಟಿ ಮಾಡುತ್ತದೆ.

ಮೂರನೆಯದು ಓದುವವರ ನೆಪ: “ನಾವು ಇಲ್ಲಿಗೆ ಡಿಗ್ರಿಗೆ ಬಂದವರು, ಮುಗಿಸಿ ಹೋಗುವವರು.” ಹೋಗುವವರೆಂದೇ ಇಟ್ಟುಕೊಳ್ಳೋಣ. ಆದರೆ ಒಂದೇ ನಿಲ್ದಾಣದಾಚೆ, ಬೇಲಾಪುರದ ಸೆಕ್ಟರ್ 8ರಲ್ಲಿ, ಕೊರಿಯಾ 1980ರ ದಶಕದಲ್ಲಿ ಕಟ್ಟಿಸಿದ ಆರ್ಟಿಸ್ಟ್ಸ್ ವಿಲೇಜ್ ಇದೆ. ಏಳೇಳು ಮನೆಗಳ ನಡುವೆ ಒಂದೊಂದು ಅಂಗಳ. ಗೋಡೆ ಹಂಚಿಕೊಳ್ಳದ ಮನೆಗಳು, ಕೈಗೆ ಕಾಸು ಬಂದಂತೆ ಬೆಳೆಸಿಕೊಳ್ಳಲು ಬಿಟ್ಟ ಜಾಗ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಅದನ್ನು ನೋಡಲು ಬರುತ್ತಾರೆ. ಹಾಗೆಯೇ ಬೆಳಗಿನ ಎಂಟರ ಹೊತ್ತಿಗೆ ಯಾವುದಾದರೂ ಕೂಲಿ ನಾಕಾದಲ್ಲಿ ನಿಂತರೆ ಕಲಬುರಗಿ, ವಿಜಯಪುರ ಕಡೆಯ ಕನ್ನಡ ಕೇಳುತ್ತದೆ. ಈ ಸೆಕ್ಟರುಗಳ ಇಟ್ಟಿಗೆ ಹೊತ್ತವರ ಕನ್ನಡ ಅದು. “ಇಲ್ಲಿ ಕನ್ನಡವೇ ಕಿವಿಗೆ ಬೀಳಲ್ಲ” ಎಂದು ಫೋನಿನಲ್ಲಿ ಅಮ್ಮನೆದುರು ಕೊರಗುವ ವಿದ್ಯಾರ್ಥಿ ಎಂಟು ಗಂಟೆಗೆ ಹಾಸಿಗೆಯಲ್ಲಿರುತ್ತಾನೆ. ಡಿಗ್ರಿ ಮುಗಿಸಿ ಹೋಗುವವನು ಇಷ್ಟನ್ನೂ ಕಾಣದೆ ಹೋದರೆ, ಒಯ್ಯುವುದು ಅಂಕಪಟ್ಟಿಯೊಂದನ್ನೇ. ಹೀಗೆ ಹೋದವನು ನಾಳೆ ಬೆಂಗಳೂರಿನಲ್ಲಿ ನೌಕರಿ ಹಿಡಿದರೂ ಬೆಳ್ಳಂದೂರನ್ನು ಟೆಕ್ ಪಾರ್ಕ್ ಎಂದೇ ತಿಳಿಯುತ್ತಾನೆ. ಅಲ್ಲೊಂದು ಕೆರೆಯಿದೆ, ಹಳ್ಳಿಯೂ ಇತ್ತು ಎಂಬುದು ಅವನಿಗೆ ಹೊಳೆಯದು. ಕಣ್ಣು ಮುಚ್ಚಿ ಬದುಕುವ ರೂಢಿ ರೈಲು ಹತ್ತಿ ಜೊತೆಗೇ ಬರುತ್ತದೆ.

ಆದ್ದರಿಂದ ಸೀವುಡ್ಸಿನಲ್ಲಿರುವ ಕನ್ನಡದ ವಿದ್ಯಾರ್ಥಿಗಳಿಗೆ ಕೇಳಬೇಕಾದದ್ದು ಬಹಳ ಸಣ್ಣದು. ಮುಂದಿನ ಬಾರಿ ಗೆಳೆಯ ಬಂದಾಗ ಅವನನ್ನು ಸಿಎಸ್‌ಎಂಟಿಯ ಲೋಕಲ್ಲಿಗೆ ಹತ್ತಿಸುವ ಮುನ್ನ ಭರತದ ಹೊತ್ತು ಎಷ್ಟೆಂದು ನೋಡಿಕೊಳ್ಳಿ. ಅದು ಗೊತ್ತಿಲ್ಲದಿದ್ದರೆ ಕರಾವೆಯಲ್ಲಿ ಯಾರನ್ನಾದರೂ ಮರಾಠಿಯಲ್ಲಿ ಕೇಳಿ, ತಪ್ಪು ಮರಾಠಿಯಾದರೂ ನಡೆಯುತ್ತದೆ.