ದೇವಿಯ ಪೀಠದಲ್ಲಿದ್ದ ಅರಸನ ಮಾತು

ಗದಗ ಸೀಮೆಯವರಿಗೆ ಜೀರ್ಣೋದ್ಧಾರವೆಂಬುದು ಹೊಸ ಮಾತಲ್ಲ. ಲಕ್ಕುಂಡಿಯಿಂದ ಲಕ್ಷ್ಮೇಶ್ವರದವರೆಗೆ ಎಲ್ಲಿ ನೋಡಿದರೂ ಹಳೆಯ ಗುಡಿ; ಗುಡಿಯ ಮಗ್ಗುಲಲ್ಲಿ ಶಾಸನ. ಛಾವಣಿ ಸೋರತೊಡಗಿದರೆ ಭಕ್ತರ ಮನಸ್ಸು ನೋಯುತ್ತದೆ. ಊರವರು ಪಟ್ಟಿ ಎತ್ತಿ ಹಣ ಕೂಡಿಸುತ್ತಾರೆ. ಹೊಸ ಗಾರೆ, ಹೊಸ ಬಣ್ಣ, ಹೊಸ ಕಲ್ಲು ಬರುತ್ತವೆ. ಶ್ರದ್ಧೆಯ ಈ ಕಾರ್ಯ ಶ್ಲಾಘ್ಯವೇ ಸರಿ. ಆದರೆ ಹಳೆಯ ಗೋಡೆಯನ್ನು ಬಿಚ್ಚುವ ಹಾರೆ ಯಾವ ಕ್ಷಣದಲ್ಲಿ ಯಾರ ಮಾತಿಗೆ ತಗಲುವುದೋ ಬಲ್ಲವರಾರು? ಇದಕ್ಕೆ ಸನ್ನತಿಗಿಂತ ಒಳ್ಳೆಯ ನಿದರ್ಶನ ಕನ್ನಡ ನಾಡಿನಲ್ಲಿ ದೊರೆಯಲಾರದು.

ಕಲಬುರಗಿ ಜಿಲ್ಲೆಯ ಸನ್ನತಿ ಭೀಮಾ ನದಿಯ ದಡದ ಊರು. ಅಲ್ಲಿಯ ಚಂದ್ರಲಾಂಬೆ ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆತನಗಳ ಕುಲದೇವತೆ. ಆ ದೇವಾಲಯದ ಆವರಣದಲ್ಲಿದ್ದ ಕಾಳಿಕಾದೇವಿಯ ಗುಡಿಯ ಛಾವಣಿ 1986ರಲ್ಲಿ ಕುಸಿದುಬಿತ್ತು. ಮೂರ್ತಿ ಭಗ್ನವಾಯಿತು. ಊರಿಗೆ ಅದು ದುಃಖದ ಸಂಗತಿ. ಆದರೆ ಮೂರ್ತಿಯನ್ನು ಹೊತ್ತು ನಿಂತಿದ್ದ ಪೀಠದ ಚಪ್ಪಡಿಯಲ್ಲಿ ಅಕ್ಷರಗಳು ಕಂಡುಬಂದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬರೆಯಿಸಿದವನು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿ!

ಅಶೋಕನ ಶಾಸನ ಕನ್ನಡ ನಾಡಿಗೆ ಅಪೂರ್ವವೇನಲ್ಲ. ಅವನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದಿತ್ತು. ಗದಗಿನ ನೆರೆಯ ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳು 1931ರಲ್ಲಿ ದೊರಕಿದ್ದವು. ಆದರೆ ಅವೆಲ್ಲ ಬೆಟ್ಟದ ಬಂಡೆಗಳ ಮೇಲಿನ ಬರೆಹಗಳು. ಬಂಡೆಯನ್ನು ಯಾರೂ ಕದಲಿಸಲಾರರು. ಸನ್ನತಿಯದು ಎರಡೂ ಮುಖಗಳಲ್ಲಿ ಬರೆದ ಚಪ್ಪಡಿ. ಹೊತ್ತು ಸಾಗಿಸಬಹುದಾದ ಕಲ್ಲು. ಮುಂದೆಂದೋ ಒಬ್ಬ ಶಿಲ್ಪಿ ಅದನ್ನು ಪೀಠಕ್ಕೆ ಒದಗುವ ಕಲ್ಲೆಂದು ಆಯ್ದುಕೊಂಡ. ಮೂರ್ತಿಯನ್ನು ನಿಲ್ಲಿಸಲು ನಡುವೆ ಕುಳಿ ಕೊರೆದ. ಆ ಕುಳಿಯೊಡನೆ ಚಕ್ರವರ್ತಿಯ ಹಲವು ಅಕ್ಷರಗಳೂ ಹೋದವು.

ಶಿಲ್ಪಿಯನ್ನು ದೂರುವಂತಿಲ್ಲ. ಬ್ರಾಹ್ಮಿಯನ್ನು ಓದುವ ವಿದ್ಯೆಯೇ ನಾಡಿನಿಂದ ಮರೆಯಾಗಿ ಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿದ್ದು 1837ರಲ್ಲಿ. ಅದೂ ಅಲ್ಲದೆ, ದೇವಿಯ ಪೀಠವಾದುದರಿಂದಲೇ ಆ ಕಲ್ಲು ಬೇರೆ ಯಾವ ಗೋಡೆಗೂ ಸೇರದೆ ಉಳಿಯಿತೆಂದರೂ ತಪ್ಪಾಗದು. ಅಕ್ಷರಗಳನ್ನು ಕೆಡಿಸಿದ ಕೈಯೇ ಅವನ್ನು ಕಾಪಾಡಿತು.

ಆ ಕಲ್ಲು ಹೇಳುವುದಾದರೂ ಏನು? ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ಬಂಡೆಗಲ್ಲು ಶಾಸನಗಳ ಭಾಗಗಳು ಅದರಲ್ಲಿವೆ. ಅಲ್ಲದೆ, ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. ನಿರಪರಾಧಿಗಳನ್ನು ಸೆರೆಯಲ್ಲಿಟ್ಟು ನೋಯಿಸದಿರಿ ಎಂದು ಅಧಿಕಾರಿಗಳಿಗೆ ಎಚ್ಚರಿಕೆ, ಗಡಿಯಾಚೆಯ ಜನರಿಗೆ ಅಭಯ, ಇವು ಅವುಗಳ ಸಾರ. ಹನ್ನೆರಡನೆಯ ಶಾಸನದ ವಿಷಯ ಪರಮತಗೌರವ: ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ತರುತ್ತಾನೆಂಬುದು ಅದರ ತಾತ್ಪರ್ಯ. ಬೌದ್ಧ ದೊರೆಯ ಈ ಮಾತು ಶಾಕ್ತ ದೇವಿಯ ಪಾದದಡಿ ಕುಳಿತಿದ್ದುದನ್ನು ನೆನೆದರೆ ವಿಸ್ಮಯವಾಗುತ್ತದೆ. ಹದಿನಾಲ್ಕನೆಯದರಲ್ಲಿ, ಬರೆಹ ಕೆಲವೆಡೆ ಅಪೂರ್ಣವಾಗಿರಬಹುದು, ಲಿಪಿಕಾರನ ದೋಷವೂ ಇರಬಹುದು ಎಂದು ಅರಸನೇ ಒಪ್ಪಿಕೊಂಡಿದ್ದಾನೆ.

ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ಉತ್ಖನನ ನಡೆಸಿತು. ಮಹಾಸ್ತೂಪವೊಂದರ ಅವಶೇಷಗಳು ದೊರೆತವು. ಅಲ್ಲಿಯ ಒಂದು ಉಬ್ಬುಶಿಲ್ಪದಲ್ಲಿ ಅರಸನ ಚಿತ್ರ. ಜೊತೆಗೆ ಅವನನ್ನು ಅಶೋಕ ರಾಜನೆಂದು ಹೆಸರಿಸುವ ಬರೆಹ. ಪೀಠದಲ್ಲಿ ಮಾತು, ಸ್ತೂಪದಲ್ಲಿ ಮುಖ!

ಇಂತಹ ಸಂಗತಿ ಎಲ್ಲ ದೇಶಗಳಲ್ಲಿಯೂ ಉಂಟು. ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡಿನ ಗಿಲ್ಡ್ ಚಾಪೆಲಿನ ಭಿತ್ತಿಚಿತ್ರಗಳಿಗೆ, ಆತನ ತಂದೆ ನಗರಸಭೆಯ ಲೆಕ್ಕ ನೋಡುತ್ತಿದ್ದ ಕಾಲದಲ್ಲಿ, ಸುಣ್ಣ ಬಳಿಯಲಾಯಿತು. 1804ರಲ್ಲಿ ಕಟ್ಟಡದ ದುರಸ್ತಿ ನಡೆದಾಗ ಅವು ಮತ್ತೆ ಕಾಣಿಸಿಕೊಂಡವು. ಸುಣ್ಣ ಮರೆಮಾಡಿತ್ತು, ಅಳಿಸಿರಲಿಲ್ಲ.

ಭಯವಿರುವುದು ಈಗಿನ ಸಾಧನಗಳದು. ಸುಣ್ಣವನ್ನು ತೊಳೆಯಬಹುದು, ಮರಳಿನ ಗಾಳಿಯಿಂದ ಉಜ್ಜಿದ ಕಲ್ಲಿಗೆ ಅಕ್ಷರ ಮರಳಿ ಬಾರದು. ಸಿಮೆಂಟಿನಲ್ಲಿ ಹೂತ ಶಾಸನವನ್ನು ಒಡೆಯದೆ ತೆಗೆಯಲಾಗದು. ಲಕ್ಕುಂಡಿಯಲ್ಲಿ 1007ರ ಶಾಸನ ಉಳಿದುಬಂದಿರದಿದ್ದರೆ, ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಗೆ ಕಾವ್ಯವೊಂದೇ ಸಾಕ್ಷಿಯಾಗಿರುತ್ತಿತ್ತು.

ಆದುದರಿಂದ ಊರ ಹಿರಿಯರು ಜೀರ್ಣೋದ್ಧಾರಕ್ಕೆ ಮುಹೂರ್ತವಿಡುವ ಮುನ್ನ ಒಂದು ದಿನವನ್ನು ಕಲ್ಲುಗಳಿಗಾಗಿ ಮೀಸಲಿಡಲಿ. ಪ್ರತಿಯೊಂದು ಕಲ್ಲಿನ ಛಾಯಾಚಿತ್ರವಿರಲಿ. ಅಕ್ಷರ ಕಂಡಲ್ಲಿ ಕೆಲಸ ನಿಲ್ಲಲಿ. ಪ್ರಾಚ್ಯವಸ್ತು ಇಲಾಖೆಗೆ ಒಂದು ಕಾಗದ ಹೋಗಲಿ. ಸನ್ನತಿಯ ಶಿಲ್ಪಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಇಂದಿನವರಿಗೆ ಆ ನೆವವಿಲ್ಲ.