ವಿದ್ಯುತ್ ಕಾರಿನ ಅಪಸ್ವರವೂ ನಮ್ಮ ತಾಲ್ಲೂಕಿನ ಮೆಕ್ಯಾನಿಕ್ಕೂ

ಪೆಟ್ರೋಲ್ ಕಾರಿನ ಇಂಜಿನ್ನು ತನ್ನ ಗದ್ದಲದೊಳಗೆ ಎಷ್ಟೋ ಸಣ್ಣಪುಟ್ಟ ಸದ್ದುಗಳನ್ನು ಅಡಗಿಸಿಟ್ಟಿರುತ್ತದೆ. ವಿದ್ಯುತ್ ಕಾರಿಗೆ ಆ ಮರೆಯಿಲ್ಲವಾದುದರಿಂದ, ಮುಳಬಾಗಿಲಿನಿಂದ ಕೋಲಾರದ ಕಡೆಗೆ ಹೆದ್ದಾರಿಯಲ್ಲಿ ಬರುವಾಗ ವೇಗದೊಡನೆ ಏರುತ್ತ ಹೋಗುವ ಕೊರೆತದ ಧ್ವನಿಯೊಂದು ಹುಟ್ಟಿತೆಂದರೆ ಅದು ಮಾಲೀಕನ ಕಿವಿಗೆ ಒಡನೆಯೇ ತಾಕುತ್ತದೆ. ಆತನು ಆಮೇಲೆ ಯಾರ ಬಳಿಗೆ ಹೋಗಬೇಕು? ಬೆಂಗಳೂರಿಗೆ ಹೋಗಬೇಕೆಂಬುದು ಇಂದು ಸಾಮಾನ್ಯವಾಗಿ ದೊರೆಯುವ ಉತ್ತರ. ಮೋಟರು, ಗೇರು ಎಲ್ಲವೂ ಒಂದಾಗಿ ಸೇರಿದ ಇಡೀ ಘಟಕವನ್ನೇ ಬಿಚ್ಚಿ ಬೇರೊಂದನ್ನು ಕೂಡಿಸುವುದು ಅಲ್ಲಿ ಸಾಮಾನ್ಯವಾಗಿ ಸೂಚಿತವಾಗುವ ಚಿಕಿತ್ಸೆ. ಈ ಪದ್ಧತಿ ಅನಾವಶ್ಯಕವೂ ಅನ್ಯಾಯವೂ ಆದುದೆಂದು ನನ್ನ ದೃಢವಾದ ಅಭಿಪ್ರಾಯ.

ಸದ್ದಿನ ಮೂಲವನ್ನು ಹುಡುಕುವುದಕ್ಕೆ ಒಂದು ಕ್ರಮವುಂಟು. ಕಾರು ನಿಂತಿರುವಾಗಲೂ ಗುಂಯ್ ಎನ್ನುತ್ತಿದ್ದರೆ ಅದು ಕೂಲೆಂಟ್ ಪಂಪೋ ಏಸಿ ಕಂಪ್ರೆಸರೋ ಆಗಿರುವ ಸಂಭವವೇ ಹೆಚ್ಚು. ಓಡುವಾಗ ಸ್ಟಿಯರಿಂಗನ್ನು ತುಸು ಎಡಬಲಕ್ಕೆ ಹೊರಳಿಸಿದೊಡನೆ ಸದ್ದು ಏರಿಳಿದರೆ ಚಕ್ರದ ಬೇರಿಂಗು, ಪೂರ್ತಿ ತಿರುವಿನಲ್ಲಿ ಕಟಕಟ ಎಂದರೆ ಆಕ್ಸಲಿನ ಜಾಯಿಂಟು. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆಯಾಗಿಯೂ, ಕಾಲು ತೆಗೆದೊಡನೆ ಕಾರು ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸತೊಡಗಿದಾಗ ಮತ್ತೊಂದು ಬಗೆಯಾಗಿಯೂ ಧ್ವನಿ ಕೇಳಿಸಿದರೆ ಗೇರಿನ ಹಲ್ಲುಗಳನ್ನು ಶಂಕಿಸಬೇಕು. ಏಕೆಂದರೆ ಈ ಎರಡು ಸಂದರ್ಭಗಳಲ್ಲಿ ಹಲ್ಲಿನ ಬೇರೆ ಬೇರೆ ಪಾರ್ಶ್ವಗಳು ಭಾರ ಹೊರುತ್ತವೆ. ಗೇರ್ ಆಯಿಲನ್ನು ಇಳಿಸಿ ನೋಡಿದರೆ ಅದರಲ್ಲಿ ಮಿನುಗುವ ಲೋಹದ ಪುಡಿಯೇ ಸಾಕ್ಷಿ ನುಡಿದೀತು. ಇನ್ನು, ಚಕ್ರಗಳ ಶಂಕೆ ತೀರಿದ ಮೇಲೆ, ನ್ಯೂಟ್ರಲ್ಲಿನಲ್ಲಿ ಹರಿಯಬಿಟ್ಟಾಗಲೂ ಗರಗರ ಸದ್ದು ನಿಲ್ಲದಿದ್ದರೆ, ಮೋಟರಿನ ಬೇರಿಂಗನ್ನೇ ನೋಡಬೇಕು.

ಈ ಬೇರಿಂಗು ಕೆಡುವ ರೀತಿಯಲ್ಲಿ ಒಂದು ವೈಚಿತ್ರ್ಯವಿದೆ. ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಒಗ್ಗುವಂತೆ ಪರಿವರ್ತಿಸುವ ಇನ್ವರ್ಟರು ಸೆಕೆಂಡಿಗೆ ಸಾವಿರಾರು ಬಾರಿ ಪ್ರವಾಹವನ್ನು ಹಾಯಿಸಿ ತಡೆಯುವುದರಿಂದ, ಶಾಫ್ಟಿನ ಮೇಲೆ ಉಂಟಾಗುವ ವೋಲ್ಟೇಜು ಗ್ರೀಸಿನ ತೆಳುಪದರವನ್ನು ಭೇದಿಸಿ ಬೇರಿಂಗಿನ ಗುಂಡುಗಳ ಮೂಲಕ ಕಿಡಿಯಾಗಿ ಹಾಯುವುದುಂಟು. ಹಾಯ್ದೆಡೆಯಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಕಿರಿದಾದ ಕುಳಿ. ಕಾಲಕ್ರಮದಲ್ಲಿ ಆ ಕುಳಿಗಳು ಕೂಡಿಕೊಂಡು, ಉತ್ತ ಹೊಲದಂತೆ, ಗುಂಡುಗಳ ಹಾದಿಯಲ್ಲಿ ಅಡ್ಡಸಾಲುಗಳಾಗಿ ನಿಲ್ಲುತ್ತವೆ. ಹೊಸ ಬೇರಿಂಗು ಹಾಕುವುದು, ಸಾಧ್ಯವಿದ್ದಲ್ಲಿ ಸೆರಾಮಿಕ್ ಗುಂಡುಗಳದನ್ನು ಹಾಕುವುದು, ಶಾಫ್ಟಿನ ವಿದ್ಯುತ್ತು ಮೋಟರಿನ ಹೊರಕವಚಕ್ಕೆ ಹರಿದುಹೋಗುವಂತೆ ಕಾರ್ಬನ್ ಬ್ರಷ್ಷಿನ ದಾರಿ ಮಾಡಿಕೊಡುವುದು: ಇವು ತಿಳಿದ ಪರಿಹಾರಗಳು. ಟೆಸ್ಲಾ ಕಾರುಗಳಲ್ಲಿ ಮೋಟರ್ ಘಟಕದ ಸದ್ದಿನ ದೂರು ಬಂದು ಘಟಕಗಳನ್ನು ಇಡಿಯಾಗಿ ಬದಲಿಸಿದಾಗ, ಅವುಗಳಲ್ಲಿ ಕೆಲವಕ್ಕೆ ಬೇಕಾಗಿದ್ದುದು ಅರ್ಧ ಡಾಲರ್ ಬೆಲೆಯ ಶಿಮ್, ಎಂದರೆ ಸಂದು ತುಂಬುವ ತೆಳು ಬಿಲ್ಲೆ, ಮಾತ್ರವೆಂಬುದನ್ನು ಸಂಸ್ಥೆಯ ಮುಖ್ಯಸ್ಥ ಎಲಾನ್ ಮಸ್ಕರೇ 2014ರಲ್ಲಿ ಹೇಳಿದ್ದರು.

ಕೋಲಾರಕ್ಕೆ ವಿದ್ಯುತ್ ಮೋಟರು ನಿನ್ನೆ ಮೊನ್ನೆ ಬಂದ ವಸ್ತುವಲ್ಲ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತುವ ಮುನ್ನವೇ, 1902ರಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿಯೆಳೆದು ತಂದ ವಿದ್ಯುತ್ತು ಇಲ್ಲಿಯ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದ 2001ರಲ್ಲಿಯೇ ಆ ಗಣಿ ಮುಚ್ಚಿತಾದರೂ, ಮೋಟರಿನ ವಿದ್ಯೆ ಊರೂರಿನ ವೈಂಡಿಂಗ್ ಅಂಗಡಿಗಳಲ್ಲಿ ಉಳಿದು ಬಂದಿದೆ. ನದಿಯ ನೀರಿಲ್ಲದೆ, ಸಾವಿರ ಅಡಿಗೂ ಕೆಳಗಿನ ಕೊಳವೆಬಾವಿಗಳನ್ನು ನಂಬಿ ಟೊಮೆಟೊ ಬೆಳೆಯುವ ಈ ನಾಡಿನಲ್ಲಿ ಮೋಟರು ಸುಟ್ಟರೆ ಬೆಳೆಯೇ ಹೋಯಿತು. ಆದುದರಿಂದ ಅದರ ಧ್ವನಿಯನ್ನು ಓದುವುದು ಇಲ್ಲಿ ಬದುಕಿನ ಭಾಗವಾಯಿತು. ಶ್ರೀನಿವಾಸಪುರದ ವೈಂಡಿಂಗ್ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವಚದ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಆನಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ಆಲಿಸಿ, “ಮೇಲಿಂದು ಚೆನ್ನಾಗೈತೆ, ಕೆಳಗಿಂದು ಹೋಗೈತೆ” ಎಂದು ನಿರ್ಣಯಿಸುವುದನ್ನು ನಾನು ಕಂಡಿದ್ದೇನೆ. ಬಿಚ್ಚಿದಾಗ ಹಾಗೆಯೇ ಇದ್ದಿತು.

ಇಂಥವರ ಕೈಗೆ ಕಾರಿನ ಮೋಟರನ್ನು ಇಂದೇ ಕೊಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಫ್ಯೂಸು ಕಿತ್ತರೆ ಕೊಳವೆಬಾವಿಯ ಮೋಟರು ನಿಶ್ಶಕ್ತವಾಗುತ್ತದೆ. ಕಾರಿನಲ್ಲಾದರೋ ಶಕ್ತಿಯ ಮೂಲವೇ ಅದರ ಒಡಲಲ್ಲಿದೆ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಹರಿಯುವುದು ಬಹಳ ಕಾರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು. ಬ್ಯಾಟರಿಯ ಸಂಪರ್ಕ ತಪ್ಪಿಸಿದ ಮೇಲೂ ಇನ್ವರ್ಟರಿನ ಕೆಪಾಸಿಟರುಗಳು ಕೆಲವು ನಿಮಿಷ ಅದನ್ನು ಹಿಡಿದಿಟ್ಟುಕೊಳ್ಳಬಲ್ಲವು. ತಕ್ಕ ಶಿಕ್ಷಣವಿಲ್ಲದೆ ಮುಟ್ಟಿದರೆ ಪ್ರಾಣಾಪಾಯ. ಆ ಶಿಕ್ಷಣವನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿಯೇ ಐಟಿಐ ಮಟ್ಟದಲ್ಲಿ ಕೊಡಬೇಕು; ವೈಂಡಿಂಗ್ ಕೆಲಸದಲ್ಲಿ ಪಳಗಿದವರಿಗೆ, ವಯಸ್ಸನ್ನೂ ಮಾರ್ಕ್ಸ್ ಕಾರ್ಡನ್ನೂ ಕೇಳದೆ, ಅಲ್ಲಿ ಮೊದಲ ಸ್ಥಾನ ದೊರೆಯಬೇಕು. 2017ರಲ್ಲಿ ದೇಶದಲ್ಲಿಯೇ ಮೊದಲಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ರಾಜ್ಯಕ್ಕೆ ಇದು ಅಸಾಧ್ಯವಾದ ಭಾರವೇನಲ್ಲ.

ತಯಾರಕರ ಹೊಣೆ ಇನ್ನೂ ದೊಡ್ಡದು. ಹಲವರು ಮೋಟರಿಗೆ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಆ ಅವಧಿ ಮುಗಿದ ಕಾರುಗಳು ಕೈ ಬದಲಾಯಿಸಿ ಮಾಲೂರಿನ ಸಣ್ಣ ವ್ಯಾಪಾರಿಯ ಮನೆ ಮುಂದೆ ಬಂದು ನಿಂತಾಗ, ಇಡೀ ಘಟಕದ ಬೆಲೆ ಆತನು ಕಾರಿಗೆ ಕೊಟ್ಟ ಹಣವನ್ನೇ ಅಣಕಿಸುವಂತಿದ್ದರೆ ಆತನ ಗತಿಯೇನು? ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿನ ಬಗ್ಗೆ 2022ರಲ್ಲಿ ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತ್ತು. ಆ ಹಕ್ಕು ಕಾನೂನಿನ ಬಲದಿಂದ ತಾಲ್ಲೂಕಿಗೆ ತಲುಪಬೇಕು. ಘಟಕವನ್ನು ಬಿಚ್ಚುವ ಕ್ರಮ, ಶಿಮ್ಮಿನ ದಪ್ಪ, ಬೋಲ್ಟು ಬಿಗಿಯುವ ಅಳತೆ ಇವು ಕನ್ನಡದಲ್ಲಿ ಅಚ್ಚಾಗಿ ಸಿಗಬೇಕು. ಬೇರಿಂಗು, ಆಯಿಲ್ ಸೀಲುಗಳನ್ನು ಬಿಡಿಬಿಡಿಯಾಗಿ, ನಂಬರು ಹೇಳಿದೊಡನೆ, ಕೋಲಾರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮಾರಬೇಕು.