ಅಂಬಾಸಿಡರಿಗೆ ಹೊಸ ಎಂಜಿನ್ನು, ಕಾನೂನಿಗೊಂದು ಬಾಗಿಲು

ಹಳೆಯ ಕಾರಿನ ಒಡಲಿಗೆ ಹೊಸ ಎಂಜಿನ್ನನ್ನು ಕೂಡಿಸುವುದೆಂದರೆ ಪಡ್ಡೆ ಹುಡುಗರ ಹುಚ್ಚಾಟವೆಂಬ ಭಾವನೆ ನನ್ನ ವಯಸ್ಸಿನವರಲ್ಲಿ ಅನೇಕರಿಗಿದೆ. ಆದರೆ ನಮ್ಮ ದೇಶದಲ್ಲಿ ಈ ಕೆಲಸವನ್ನು ದೊಡ್ಡ ಕಾರ್ಖಾನೆಗಳೇ ಮಾಡಿ ತೋರಿಸಿವೆ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರನ್ನೇ ನೋಡಿ. ಅದರ ಒಡಲು 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನದು. ಆ ಒಡಲಿಗೆ 1992ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂಡಿಸಿ '1800 ಐ.ಎಸ್.ಜೆಡ್.' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಅದೇ ಸಂಸ್ಥೆಯ ಕಾಂಟೆಸಾ ಮೊದಲು ಅಂಬಾಸಿಡರಿನ ಹಳೆಯ 1489 ಸಿ.ಸಿ. ಎಂಜಿನ್ನಿನಿಂದಲೇ ಏದುಸಿರು ಬಿಡುತ್ತ ಓಡಿ, ಆಮೇಲೆ ಇಸುಜು ಎಂಜಿನ್ನು ಪಡೆದು ಚೇತರಿಸಿಕೊಂಡಿತು. ಪ್ರೀಮಿಯರ್ ಕಂಪನಿಯ '118 ಎನ್.ಇ.' ಕಾರಿನ ಹೆಸರಿನಲ್ಲಿರುವ ಎರಡು ಅಕ್ಷರಗಳು ನಿಸ್ಸಾನ್ ಎಂಜಿನ್ ಎಂಬುದನ್ನೇ ಸೂಚಿಸುತ್ತವೆ. ಒಡಲು ಫಿಯಟ್ಟಿನದು, ಗುಂಡಿಗೆ ಜಪಾನಿನದು.

ಇನ್ನೂ ಹಿಂದಕ್ಕೆ ಹೋದರೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬೆನ್ನಿಗೊಂದು ಉರುಳೆಯಾಕಾರದ ಒಲೆಯನ್ನು ಕಟ್ಟಿಕೊಂಡು, ಇದ್ದಿಲಿನ ಅನಿಲದಿಂದ ಓಡುತ್ತಿದ್ದ ಬಸ್ಸುಗಳ ಕಥೆಯನ್ನು ನಮ್ಮ ತಂದೆಯವರ ತಲೆಮಾರಿನವರು ಹೇಳುತ್ತಿದ್ದರು. ಅಭಾವ ಬಂದಾಗ ಇದ್ದುದನ್ನು ತಿದ್ದಿ ಬಳಸುವ ಬುದ್ಧಿ ನಮಗೆ ಹೊಸದಲ್ಲ.

ಬೆಂಗಳೂರಿಗಂತೂ ಈ ವಿದ್ಯೆ ಇನ್ನೂ ಹತ್ತಿರದ್ದು. ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. 1953ರಲ್ಲಿ ಆರಂಭವಾದ ಮೇಲೆ ಲೇತು ಎಂಬ ಯಂತ್ರ ನಮ್ಮ ಊರಿನ ಮನೆಮಾತಾಯಿತು. ಆಡುಗೋಡಿಯ ಮೈಕೋ ಕಾರ್ಖಾನೆಯಿಂದ ಡೀಸೆಲ್ ಪಂಪುಗಳೂ ಸ್ಪಾರ್ಕ್ ಪ್ಲಗ್ಗುಗಳೂ ದೇಶಕ್ಕೆಲ್ಲ ಹೋದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಾಗ, ದೊಡ್ಡ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಅಲ್ಲಿ ಪುಟ್ಟ ಪುಟ್ಟ ಶೆಡ್ಡುಗಳನ್ನು ತೆರೆದವು. ಒಂದು ಶೆಡ್ಡಿನಲ್ಲಿ ಬೋರಿಂಗ್, ಪಕ್ಕದಲ್ಲಿ ಗ್ರೈಂಡಿಂಗ್, ಅದರಾಚೆ ಗೇರು ಕೊರೆಯುವವರು, ಮೂಲೆಯಲ್ಲಿ ಉಕ್ಕಿಗೆ ಹದ ಕೊಡುವವರು... ಮೈಕ್ರಾನುಗಳ ಲೆಕ್ಕದಲ್ಲಿ ಕೆಲಸ ಮಾಡುವ ಜನ ಹೀಗೆ ಒತ್ತೊತ್ತಾಗಿ ನೆರೆದಿರುವ ಜಾಗಗಳು ನಾಡಿನಲ್ಲಿ ಬಹಳವಿಲ್ಲ. ಇನ್ನು ಶಿವಾಜಿನಗರದ ಗುಜರಿಯಲ್ಲಿಯೂ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಸಿಗದ ಬಿಡಿಭಾಗವೇ ಇಲ್ಲವೆಂಬ ಮಾತು ಎಲ್ಲರಿಗೂ ಗೊತ್ತು.

ಪೀಣ್ಯದ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದಾಗ ಓದಿದ ಹುಡುಗನೊಬ್ಬ ಈಗ ಅಲ್ಲಿಯೇ ಅಚ್ಚು ತಯಾರಿಸುವ ಘಟಕದಲ್ಲಿ ಹಿರಿಯ ಕೆಲಸಗಾರ. ಅವನ ತಂದೆಯೂ ಲೇತಿನ ಮುಂದೆಯೇ ಆಯುಷ್ಯ ಕಳೆದವರು. ಅವರು ಎರಡನೆಯ ಕೈಯಲ್ಲಿ ಕೊಂಡಿದ್ದ 1979ರ ಅಂಬಾಸಿಡರ್ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿತ್ತು. ಎಂಜಿನ್ನು ಸವೆದು ಎಣ್ಣೆ ಕುಡಿಯುತ್ತಿತ್ತು. ಮಗ ಗುಜರಿಯಿಂದ ರಸೀದಿ ಸಮೇತ ಒಂದು ಇಸುಜು ಎಂಜಿನ್ನನ್ನೂ ಅದರ ಗೇರುಪೆಟ್ಟಿಗೆಯನ್ನೂ ತಂದ. ಹದಿನಾಲ್ಕು ತಿಂಗಳ ಭಾನುವಾರಗಳು ಆ ಶೆಡ್ಡಿನಲ್ಲಿ ಕಳೆದವು. ಉಕ್ಕಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಹಳೆಯ ಎಂಜಿನ್ನನ್ನು ಎತ್ತಿದ್ದಾಯಿತು. ಹೊಸದಕ್ಕೆ ಬೇಕಾದ ಆಸರೆಗಳನ್ನು ಅಳತೆ ತೆಗೆದು, ರಟ್ಟಿನಲ್ಲಿ ಕತ್ತರಿಸಿ ನೋಡಿ, ಆಮೇಲೆ ಉಕ್ಕಿನಲ್ಲಿ ಮಾಡಿದ. ಗೇರುಪೆಟ್ಟಿಗೆ ಉದ್ದವಾದ್ದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಿ, ತಿರುಗುವಾಗ ಅದುರದಂತೆ ತೂಕ ಸರಿದೂಗಿಸಿದ. ರೇಡಿಯೇಟರು, ಹೊಗೆ ಕೊಳವೆ, ಕ್ಲಚ್ಚು, ಸ್ಪೀಡೋಮೀಟರಿನ ತಂತಿ ಎಲ್ಲವೂ ಹೊಸ ಲೆಕ್ಕಕ್ಕೆ ಹೊಂದಬೇಕಾಯಿತು.

ಆದರೆ ನಾನು ಮೆಚ್ಚಿದ್ದು ಬೇರೆಯೇ ಒಂದು ಸಂಗತಿಯನ್ನು. ಎಂಜಿನ್ನಿಗೆ ಕೈ ಹಾಕುವ ಮೊದಲೇ ಅವನು ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕುಗಳನ್ನೂ ಬೂಸ್ಟರನ್ನೂ ಹಾಕಿದ್ದ. ಒಂಬತ್ತನೆಯ ತರಗತಿಯ ಚಲನಶಕ್ತಿಯ ಪಾಠ ಇಲ್ಲಿದೆ. ಹಳೆಯ ಎಂಜಿನ್ನು ಸುಮಾರು 50 ಅಶ್ವಶಕ್ತಿಯದು, ಇಸುಜು 75ರದು. ಗಂಟೆಗೆ 80 ಕಿಲೋಮೀಟರಿನಲ್ಲಿ ನೆಮ್ಮದಿಯಾಗಿದ್ದ ಕಾರು ಈಗ 110ಕ್ಕೆ ಸಲೀಸಾಗಿ ಏರುತ್ತದೆ. ವೇಗ ಹೆಚ್ಚಿದ್ದು ಒಂದೂಕಾಲು ಪಾಲಿಗಿಂತ ಸ್ವಲ್ಪ ಮೇಲೆ. ಶಕ್ತಿಯಾದರೋ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜನರೂ ಸೇರಿ 1,400 ಕಿಲೋ ತೂಕವೆಂದು ಹಿಡಿದರೆ, 80ರ ವೇಗದಲ್ಲಿ ಸುಮಾರು 3.5 ಲಕ್ಷ ಜೂಲ್, 110ರಲ್ಲಿ 6.5 ಲಕ್ಷ ಜೂಲ್. ನಿಲ್ಲಿಸುವಾಗ ಅಷ್ಟೂ ಶಾಖವನ್ನು ಬ್ರೇಕುಗಳೇ ನುಂಗಬೇಕು. ಹಳೆಯ ಡ್ರಮ್ಮುಗಳು ಆ ಶಾಖಕ್ಕೆ ಹಿಡಿತ ಕಳೆದುಕೊಳ್ಳುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ: ಬ್ರೇಕು ಎಷ್ಟಿದೆಯೋ ಎಂಜಿನ್ನು ಅಷ್ಟು.

2018ರ ಕೊನೆಯಲ್ಲಿ ಕೆಲಸ ಮುಗಿಯಿತು. ರಸ್ತೆಗಿಳಿಸುವ ಮೊದಲು ಅವನು ಕಾಗದಪತ್ರ ಹಿಡಿದು ಸಾರಿಗೆ ಕಚೇರಿಯೊಂದಕ್ಕೆ ಹೋದ. ತಯಾರಕರ ಒಪ್ಪಿಗೆ ಪತ್ರ ತರುವಂತೆ ಅಲ್ಲಿ ಹೇಳಿದರು. ಅಂಬಾಸಿಡರಿನ ತಯಾರಿಕೆ 2014ರಲ್ಲೇ ನಿಂತುಹೋಗಿತ್ತು. ನಲವತ್ತು ವರ್ಷ ಹಳೆಯ ಕಾರಿಗೆ ಪತ್ರ ಬರೆದುಕೊಡುವವರು ಯಾರು? ಅವನು ಮೂರು ಸಲ ಹೋಗಿ ಬಂದ. ಅಷ್ಟರಲ್ಲಿ 2019ರ ಜನವರಿ ಬಂದಿತು.

ಇಲ್ಲಿ ಕಾನೂನನ್ನು ಸ್ವಲ್ಪ ವಿವರಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. 2000ದಲ್ಲಿ ಅದನ್ನು ತಿದ್ದಿ ಬಿಗಿಗೊಳಿಸಲಾಯಿತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ ಎಂಬುದು ಅದರ ಸಾರ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನು ನಿಸ್ಸಂದಿಗ್ಧವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ಸವೆದ ಎಂಜಿನ್ನಿನ ಬದಲು ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನು ಹಾಕಿ ಅದರ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಬರೆಯಿಸಿಕೊಳ್ಳಲು ದಾರಿಯಿದೆ. ಅನುಮೋದಿತ ಕಿಟ್ಟಿನ ಮೂಲಕ ಅನಿಲಕ್ಕೋ ಬ್ಯಾಟರಿಗೋ ಬದಲಾಯಿಸಲೂ ದಾರಿಯಿದೆ. ಮೂರನೆಯ ಬಗೆಯ, ಅಂದರೆ ಬೇರೆ ಮಾದರಿಯ ಎಂಜಿನ್ನು ಹಾಕಿದವನಿಗೆ ದಾರಿಯೇ ಇಲ್ಲ.

ಇದರ ವೈಚಿತ್ರ್ಯವನ್ನು ಗಮನಿಸಿ. ಎಲೆಕ್ಟ್ರಾನಿಕ್ ಸಿಟಿಯಾಚೆಯ ಬೊಮ್ಮಸಂದ್ರದಲ್ಲಿ ರೇವಾ ಎಂಬ ವಿದ್ಯುತ್ ಕಾರು ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಅಂದಿನಿಂದ ನಮ್ಮ ಊರಿಗೆ ವಿದ್ಯುತ್ ವಾಹನದ ಗಾಳಿ ಸೋಕಿದೆ, ಒಳ್ಳೆಯದೇ. ಅನುಮೋದಿತ ಕಿಟ್ಟು ಸಿಕ್ಕರೆ ಅಂಬಾಸಿಡರಿನ ಎಂಜಿನ್ನನ್ನು ಬುಡಸಮೇತ ಕಿತ್ತುಹಾಕಿ ಮೋಟಾರು ಕೂಡಿಸಲು ಕಾನೂನು ಒಪ್ಪುತ್ತದೆ. ಆದರೆ ಅದೇ ಕಾರ್ಖಾನೆ ಅದೇ ಒಡಲಿಗೆ ತಾನೇ ಕೂಡಿಸಿ ವರ್ಷಗಟ್ಟಲೆ ಮಾರಿದ ಎಂಜಿನ್ನನ್ನು ಹಾಕಲು ಒಪ್ಪುವುದಿಲ್ಲ! ಇನ್ನೊಂದು ಕಡೆ, 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ; ಒಡಲು, ಚಾಸಿ, ಎಂಜಿನ್ನು ಮೂಲರೂಪದಲ್ಲೇ ಇರಬೇಕು. ಪ್ರದರ್ಶನಕ್ಕಿಡುವ ಶ್ರೀಮಂತನಿಗೊಂದು ದಾರಿ, ಹೊಸದನ್ನು ಕೊಳ್ಳುವವನಿಗೊಂದು ದಾರಿ. ಇದ್ದುದನ್ನು ತಿದ್ದಿ ದಿನವೂ ಬಳಸಬಯಸುವ ದುಡಿಮೆಗಾರನ ಮುಂದೆ ಗೋಡೆ.

ಹಾಗೆಂದು ಕಾನೂನಿನ ಹಿಂದಿರುವ ಭಯ ಸುಳ್ಳೆಂದು ನಾನು ಹೇಳಲಾರೆ. ಸೈಲೆನ್ಸರು ಕತ್ತರಿಸಿ ರಾತ್ರಿಯೆಲ್ಲ ವೈಟ್‌ಫೀಲ್ಡಿನ ರಸ್ತೆಗಳಲ್ಲಿ ಗುಡುಗುವವರನ್ನು ನಾವೆಲ್ಲ ಕೇಳಿದ್ದೇವೆ. ಕದ್ದ ಕಾರಿನ ಎಂಜಿನ್ನು ಗುಜರಿಯ ಮೂಲಕ ಇನ್ನೊಂದು ಒಡಲಿನಲ್ಲಿ ತಲೆಮರೆಸಿಕೊಳ್ಳಬಹುದು. ವಿಮೆಯ ಪ್ರಶ್ನೆ ಇನ್ನೂ ಗಂಭೀರ. ನಮ್ಮಲ್ಲಿ ಖಾಸಗಿ ಕಾರಿನ ಮೂರನೆಯ ವ್ಯಕ್ತಿಯ ವಿಮಾಕಂತು 1,000 ಸಿ.ಸಿ. ಒಳಗೆ, 1,000ದಿಂದ 1,500, ಅದರ ಮೇಲೆ ಎಂಬ ಮೂರು ಮೆಟ್ಟಿಲುಗಳಲ್ಲಿದೆ. 1489ರಿಂದ 1817ಕ್ಕೆ ಹೋದವನು ಮೆಟ್ಟಿಲು ಹತ್ತಿದಂತೆ. ಅದನ್ನು ಮುಚ್ಚಿಟ್ಟು ಓಡಿಸಿ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅವಕಾಶವಾಗುತ್ತದೆ. ಆಗ ಕಷ್ಟ ಕಾರಿನವನಿಗಷ್ಟೇ ಅಲ್ಲ, ರಸ್ತೆ ದಾಟುತ್ತಿದ್ದ ಬಡಪಾಯಿಗೂ ಹೌದು.

ಇವೆಲ್ಲ ನಿಜವಾದ ರೋಗಗಳೇ. ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಚಿಕಿತ್ಸೆಯಾಗದು. ಬಾಗಿಲು ಮುಚ್ಚಿದ್ದರಿಂದ ಎಂಜಿನ್ನು ಬದಲಿಸುವುದು ನಿಂತಿಲ್ಲ; ಕದ್ದುಮುಚ್ಚಿ ನಡೆಯುತ್ತಿದೆ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಆ ನಡುವೆ ಬಾನೆಟ್ಟಿನೊಳಗೆ ಏನಿದೆಯೆಂದು ನೋಡುವವರು ವಿರಳ. ಪ್ರಾಮಾಣಿಕನಾಗಿ ಬಂದು ಹೇಳಿದವನು ಮಾತ್ರ ಸಿಕ್ಕಿಬೀಳುತ್ತಾನೆ, ಹೇಳದವನು ರಸ್ತೆಯಲ್ಲಿದ್ದಾನೆ. ಬ್ರೇಕು ಬಲಪಡಿಸಿದವನಿಗೂ ಬಲಪಡಿಸದವನಿಗೂ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲ. ಮೇಷ್ಟರಾಗಿದ್ದವನಿಗೆ ಇದು ಸಹಿಸಲಾಗದ ಮಾತು. ಉತ್ತರಪತ್ರಿಕೆಯನ್ನು ಓದದೆಯೇ ಇಡೀ ತರಗತಿಯನ್ನು ಅನುತ್ತೀರ್ಣಗೊಳಿಸುವ ಪರೀಕ್ಷೆ ಯಾರಿಗೆ ಏನನ್ನು ಕಲಿಸೀತು?

ಹೊರದೇಶಗಳಲ್ಲಿ ಬೇರೆ ದಾರಿಗಳಿವೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ವಾಹನವನ್ನು ಒಂದೊಂದಾಗಿ ಪರೀಕ್ಷಿಸಿ ಒಪ್ಪುವ ಪದ್ಧತಿಯಿದೆ. ಆಸ್ಟ್ರೇಲಿಯಾದಲ್ಲಿ ಕಾರಿನ ತೂಕಕ್ಕೆ ಎಷ್ಟು ದೊಡ್ಡ ಎಂಜಿನ್ನು ಸಲ್ಲುತ್ತದೆಂಬ ಲೆಕ್ಕವನ್ನೇ ಪ್ರಕಟಿಸಿದ್ದಾರೆ. ಮಾನ್ಯತೆ ಪಡೆದ ಎಂಜಿನಿಯರು ನೋಡಿ ಸಹಿ ಹಾಕುತ್ತಾನೆ. ನಮ್ಮಲ್ಲಿಯ ಅನುಮೋದನೆಯಾದರೋ ಪುಣೆಯಂಥ ಕಡೆಯ ಪ್ರಯೋಗಾಲಯಗಳಲ್ಲಿ, ಸಾವಿರಾರು ವಾಹನ ತಯಾರಿಸುವವರಿಗಾಗಿ ರೂಪಿಸಿದ್ದು. ಒಂದೇ ಒಂದು ಕಾರಿರುವವನು ಅದರ ಖರ್ಚನ್ನು ಹೊರುವುದೆಂತು?

ನನ್ನ ಸಲಹೆ ಇಷ್ಟೇ. ಕೆಲಸ ಆರಂಭಿಸುವ ಮೊದಲೇ ಮಾಲೀಕನು ಅರ್ಜಿ ಕೊಡಲಿ. ಎಂಜಿನ್ನು ಎಲ್ಲಿಂದ ಬಂತೆಂಬ ದಾಖಲೆಯನ್ನು ಲಗತ್ತಿಸಲಿ. ಅದೇ ಮಾದರಿಯ ಒಡಲಿಗೆ ತಯಾರಕರೇ ಎಂದಾದರೂ ಕೂಡಿಸಿದ್ದ ಎಂಜಿನ್ನುಗಳಿಗೆ ಮೊದಲ ಹಂತದಲ್ಲಿ ಅವಕಾಶವಿರಲಿ. ಆಸರೆ, ಬ್ರೇಕು, ಸ್ಟಿಯರಿಂಗು, ಇಂಧನದ ಕೊಳವೆ ಇವುಗಳನ್ನು ಎಂಜಿನಿಯರಿಂಗ್ ಕಾಲೇಜಿನವರೋ ಸರ್ಕಾರಿ ಟೂಲ್ ರೂಮಿನವರೋ ಪರೀಕ್ಷಿಸಲಿ. ಹೊಗೆಯನ್ನು ಹಳೆಯ ಕಾರಿನ ವರ್ಷದ ಮಿತಿಗಲ್ಲ, ಹೊಸ ಎಂಜಿನ್ನಿನ ವರ್ಷದ ಮಿತಿಗೆ ಅಳೆಯಲಿ; ಆಗ ಊರಿನ ಗಾಳಿಗೂ ಲಾಭ. ಉತ್ತೀರ್ಣನಾದವನ ನೋಂದಣಿ ಪತ್ರದಲ್ಲಿ ಹೊಸ ಸಂಖ್ಯೆ, ಹೊಸ ಸಿ.ಸಿ. ನಮೂದಾಗಿ ವಿಮಾಕಂತೂ ಬದಲಾಗಲಿ. ಕಾಯ್ದೆ ಕೇಂದ್ರದ್ದಾದ್ದರಿಂದ ತಿದ್ದುಪಡಿ ದೆಹಲಿಯಲ್ಲೇ ಆಗಬೇಕು. ಆದರೆ ಕೇಳುವ ಅರ್ಹತೆ ಪೀಣ್ಯವನ್ನು ಮಡಿಲಲ್ಲಿಟ್ಟುಕೊಂಡಿರುವ ಕರ್ನಾಟಕಕ್ಕೆ ಇಲ್ಲದೆ ಇನ್ನಾರಿಗಿದೆ?

ಆ ಹುಡುಗ ಏನು ಮಾಡಿದನೆಂದು ನೀವು ಕೇಳಬಹುದು. ತೀರ್ಪಿನ ಸುದ್ದಿ ಓದಿದ ಮೇಲೆ ಅವನು ಕಾರನ್ನು ರಸ್ತೆಗಿಳಿಸಲಿಲ್ಲ. ಎರಡು ತಿಂಗಳಲ್ಲಿ ಇಸುಜುವನ್ನು ಕೆಳಗಿಳಿಸಿ, ಹಳೆಯ ಎಂಜಿನ್ನಿಗೆ ಬೋರು ಮಾಡಿಸಿ ಮತ್ತೆ ಕೂಡಿಸಿದ. ಅವನ ತಂದೆ ಹೊಸ ಎಂಜಿನ್ನಿನ ಸದ್ದನ್ನು ಶೆಡ್ಡಿನೊಳಗೆ ಮಾತ್ರ ಕೇಳಿದರು. ಮರುವರ್ಷ ಅವರು ತೀರಿಕೊಂಡರು. "ಕದ್ದು ಓಡಿಸಿದ್ದರೆ ಅಪ್ಪನೇ ಹತ್ತುತ್ತಿರಲಿಲ್ಲ ಸಾರ್" ಎಂದು ಒಮ್ಮೆ ಹೇಳಿದ್ದ. ಇಂಥ ವಿಧೇಯತೆಗೆ ಅರ್ಹವಾಗುವ ಜವಾಬ್ದಾರಿ ಕಾನೂನಿಗೂ ಇದೆಯೆಂದು ನನ್ನ ನಂಬಿಕೆ.

ಹಳೆಯ ಕಾರಿನ ಮೋಹವಿರುವ ಕಿರಿಯ ಮಿತ್ರರಿಗೆ ಎರಡು ಮಾತು. ಬಾಗಿಲು ತೆರೆಯುವವರೆಗೆ ತಾಳ್ಮೆಯಿರಲಿ. ಅದೇ ಮಾದರಿಯ ಎಂಜಿನ್ನನ್ನೇ ಹುಡುಕಿ, ಬಿಚ್ಚಿ, ಅಳೆದು, ಹೊಸದರಂತೆ ಮಾಡಿ. ಅದರಲ್ಲಿಯೂ ಕಲಿಯುವುದು ಬೆಟ್ಟದಷ್ಟಿದೆ. ಏನೇ ಮಾಡಿದರೂ ಬ್ರೇಕಿನಿಂದ ಆರಂಭಿಸಿ. ಸಾರಿಗೆ ಇಲಾಖೆಯ ಹಿರಿಯರಲ್ಲಿ ಒಂದೇ ಕೋರಿಕೆ: ನಮ್ಮ ಮಕ್ಕಳು ಕೈಯಲ್ಲಿ ಮಾಡಿದ್ದನ್ನು ತಿರಸ್ಕರಿಸುವ ಮೊದಲು ಬಾನೆಟ್ಟು ತೆರೆದು ನೋಡಿ. ನೋಡಿದ ಮೇಲೆ ತಪ್ಪಿದ್ದರೆ ತಪ್ಪೆನ್ನಿ, ಸರಿಯಿದ್ದರೆ ಸಹಿ ಹಾಕಿ.